ಮುಂಬೈ ಬಸ್ಸಿನಲ್ಲಿ ಬಂದ ಆರು ಗೆರೆಯ ರಾಸ್

ಎಲ್ಲರಿಗೂ ನಮಸ್ಕಾರ ರೀ. ಬೆಳಗಾವಿ ಟಿಳಕವಾಡಿಯ ನಮ್ಮ ಮನೆ, ಅದೇ ಉಪ್ಪುನೀರಿನ ಟ್ಯಾಂಕ್. ಈ ವಿಡಿಯೋದಲ್ಲಿ ಅದಕ್ಕೆ ಬಿಡುತ್ತಿರೋದು ಆರು ಗೆರೆಯ ರಾಸ್ ಅನ್ನೋ ಸಮುದ್ರದ ಪುಟ್ಟ ಮೀನು. ಮೀನಿಗೆ ಟ್ಯಾಂಕಿನ ನೀರು ಒಗ್ಗಲಿ ಅಂತ ಚೀಲ ತೇಲಿಬಿಡೋದು, ಹನಿ ಹನಿಯಾಗಿ ನೀರು ಸೇರಿಸೋದು ಎಲ್ಲ ಕಾಣುತ್ತಿದೆ, ಅದನ್ನು ಬಿಡಿ.

ನನಗೆ ಸಿಟ್ಟು ಬಂದಿರೋದು ಈ ಡಬ್ಬಿಯ ಮೇಲೆ. ಮೀನಿಗೆ 1,800 ರೂಪಾಯಿ, ಅದಕ್ಕೆ ತಕರಾರಿಲ್ಲ. ಮುಂಬೈಯಿಂದ ರಾತ್ರಿ ಬಸ್ಸಿಗೆ ಹಾಕಿದ್ದಕ್ಕೆ 700. ಥರ್ಮಾಕೋಲ್ ಡಬ್ಬಿಗೆ ಬೇರೆ 250. ನಾಲ್ಕೂ ಕಡೆ ಕೆಂಪು ಅಕ್ಷರದಲ್ಲಿ ‘ಜೀವಂತ ಮೀನು, ಮಗುಚಬೇಡಿ’ ಅಂತ ಬರೆದಿದೆ. ಡಿಕ್ಕಿ ತೆಗೆದರೆ ಡಬ್ಬಿ ಎಲ್ಲಿತ್ತು ಗೊತ್ತಾ? ಬಟ್ಟೆ ಗಂಟುಗಳ ಕೆಳಗೆ, ತಲೆಕೆಳಗಾಗಿ! ಕೇಳಿದರೆ ಬಸ್ಸಿನ ಹುಡುಗ, ‘ಅಣ್ಣಾರ, ನೀರಾಗ ಇರೂ ಮೀನಕ್ಕ ಮ್ಯಾಲೇನು, ಕೆಳಗೇನು?’ ಅಂದ. ಇಳಿಸಿದ್ದಕ್ಕೆ ಮತ್ತೆ 50 ರೂಪಾಯಿ. ಕೊಟ್ಟುಬಿಟ್ಟೆ, ಜಗಳಕ್ಕೆ ನಿಂತರೆ ಮೀನು ಉಳಿಯುತ್ತಿರಲಿಲ್ಲ. ನಮ್ಮೂರಿನ ಚಳಿ ಗೊತ್ತಲ್ವಾ, ಚೀಲದ ನೀರು 20 ಡಿಗ್ರಿಗೆ ಇಳಿದಿತ್ತು. ಇದಕ್ಕೆ 24ರಿಂದ 27 ಬೇಕು. ನಿಜವಾಗಿ ಅಳು ಬಂತು. ಜೀವ ಇರೋ ವಸ್ತು ರೀ ಅದು, ಸ್ವಲ್ಪ ನೋಡಿ ಇಡಬಾರದಾ?

ಬಿಟ್ಟ ಕೂಡಲೇ ಬಂಡೆಯ ಸಂದಿಗೆ ಹೋಯಿತು. ಈ ಬಂಡೆ ಹವಳದ್ದಲ್ಲ, ಸಿರಾಮಿಕ್. ನಮ್ಮಲ್ಲಿ ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಅದು ಸಮುದ್ರದಲ್ಲೇ ಇರಲಿ. ಆದರೆ ಈ ಮೀನಿಗೆ ಕವಲು ಕವಲಾದ ಹವಳವೇ ಮನೆ. ಕೆಂಪು ಸಮುದ್ರ, ಪೂರ್ವ ಆಫ್ರಿಕಾದಿಂದ ಹಿಡಿದು ಪೆಸಿಫಿಕ್‌ನ ಟುವಾಮೋಟು ದ್ವೀಪಗಳ ತನಕ ಸಿಗುತ್ತದೆ, ಎಲ್ಲ ಕಡೆ ಕವಲುಗಳ ನಡುವೆ ಅಡಗಿಕೊಂಡೇ ಓಡಾಡುತ್ತದೆ. ಅದಕ್ಕೇ ಇಷ್ಟು ಸಂದಿ ಮಾಡಿಟ್ಟಿದ್ದೇನೆ.

ಅದು ಹೊರಗೆ ಬರೋ ತನಕ ಒಂದು ಮಾತು. ಗೋವಾ ಇಷ್ಟು ಹತ್ತಿರ ಇದೆ, ಸಮುದ್ರದ ನೀರನ್ನೇ ಕ್ಯಾನಿನಲ್ಲಿ ತರಬಾರದಾ ಅಂತ ಸುಮಾರು ಜನ ಕೇಳುತ್ತೀರಿ. ಬೇಡ. ದಂಡೆಯ ನೀರಿಗೆ ಹೊಳೆ ನೀರು ಬೆರೆತಿರುತ್ತದೆ, ಹೊಲಸೂ ಇರುತ್ತದೆ. ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪು ಕಲಸಿ, ಸಾಂದ್ರತೆ ಸಿಹಿನೀರಿನ 1.025 ಪಟ್ಟು ಬಂತಾ ಅಂತ ಅಳೆದು... ಬಂತು, ಬಂತು! ನೋಡಿ!

ನೀಲಿ ನೇರಳೆ ಮೈ, ಉದ್ದಕ್ಕೆ ಆರು ಕಿತ್ತಳೆ ಗೆರೆ, ಹಸಿರು ಬಾಲ. ಬಾಲದ ಬುಡದಲ್ಲಿ, ಮೇಲುಗಡೆ, ಕಣ್ಣಿನಂಥ ಒಂದು ಕಪ್ಪು ಚುಕ್ಕೆ. ನಿಜವಾದ ಕಣ್ಣು ಕೆಂಪು. ಬಾಲ ಬೀಸುತ್ತಿಲ್ಲ ನೋಡಿ, ಎದೆಯ ರೆಕ್ಕೆ ಬಡಿದೇ ಈಜುತ್ತದೆ. ನಿಲ್ಲುತ್ತದೆ, ಒಂದು ಕಣ್ಣು ಹೊರಳಿಸಿ ಬಂಡೆಯನ್ನು ನೋಡುತ್ತದೆ, ಟಕ್ ಅಂತ ಏನೋ ಹೆಕ್ಕುತ್ತದೆ. ಸಿಗಡಿ ಜಾತಿಯ ಸಣ್ಣ ಸಣ್ಣ ಜೀವಿಗಳು, ಹುಳಗಳು ಅದರ ಊಟ. ಟ್ಯಾಂಕಿನಲ್ಲಿ ಚಪ್ಪಟೆ ಹುಳದ ಕಾಟ ಇದ್ದವರು ಇದನ್ನು ತರೋದು ಅದಕ್ಕೇ. ದೊಡ್ಡದಾದರೂ 10 ಸೆಂಟಿಮೀಟರ್ ದಾಟೋದಿಲ್ಲ. 1857ರಲ್ಲಿ ಇದನ್ನು ಮೊದಲು ವರ್ಣಿಸಿದ ಬ್ಲೀಕರ್, ಡಚ್ಚರ ಸೈನ್ಯದಲ್ಲಿ ಡಾಕ್ಟರ್.

ಇದಕ್ಕಿಂತ ಚೆಂದದ ಮೀನು ಇಲ್ಲ. ಆದರೆ ಇದು... ಎರಡೇ ದಿನದಲ್ಲಿ ಕ್ಲೌನ್ ಮೀನುಗಳನ್ನು ಮೂಲೆಗೆ ಅಟ್ಟಿದೆ! ಅವು ಎಷ್ಟು ಪಾಪದವು! ಇದು ಪುಂಡ, ಯಾರೂ ತರಬೇಡಿ.

ಇದು ರಾತ್ರಿಯ ಶಾಟ್. ಅವ್ವ ಓಡಿ ಬಂದು, ‘ಮೀನಕ್ಕ ಬೂಜು ಹಿಡದೈತಿ ನೋಡೋ!’ ಅಂದಳು. ಬೂಜಲ್ಲ, ಅದರದೇ ಲೋಳೆ. ಮಲಗೋ ಮುಂಚೆ ಸುತ್ತ ಚೀಲದ ಹಾಗೆ ಕಟ್ಟಿಕೊಳ್ಳುತ್ತದೆ. ರಾತ್ರಿ ಬೇಟೆಯಾಡುವ ಮೀನುಗಳಿಗೆ ವಾಸನೆ ಸಿಗದಿರಲಿ ಅಂತ, ಅನ್ನುತ್ತಾರೆ. ಟಾರ್ಚ್ ಹಿಡಿದರೆ ಒಳಗೆ ಕಿವಿರು ಆಡೋದು ಕಾಣುತ್ತದೆ. ಜಾಸ್ತಿ ಹೊತ್ತು ಬೆಳಕು ಬಿಡೋದಿಲ್ಲ, ಎದ್ದುಬಿಡುತ್ತದೆ.

ಯಾರೂ ತರಬೇಡಿ ಅಂದೆನಲ್ಲ, ಅದು ಪೂರ್ತಿ ಸರಿಯಲ್ಲ. ಟ್ಯಾಂಕ್ ದೊಡ್ಡದಿದ್ದು, ಸಂದಿ ಜಾಸ್ತಿ ಇದ್ದರೆ ತನ್ನಿ. ಎಲ್ಲ ಮೀನು ಬಿಟ್ಟ ಮೇಲೆ ಕೊನೆಗೆ ಇದನ್ನು ಬಿಡಿ. ಫೈರ್‌ಫಿಶ್ ಅನ್ನೋ ಹೆದರುವ ಸಣ್ಣ ಮೀನು ಇದ್ದರೆ ಮಾತ್ರ ಬೇಡವೇ ಬೇಡ. ಮುಚ್ಚಳಕ್ಕೆ ಜಾಳಿಗೆ ಹಾಕಿ, ಇದು ಹಾರುತ್ತದೆ. ಬಸ್ಸಿನಲ್ಲಿ ತರಿಸುವವರು ಸ್ಟ್ಯಾಂಡಿಗೆ ಬೇಗ ಹೋಗಿ ನಿಲ್ಲಿ, ಡಿಕ್ಕಿ ತೆಗೆಯುವಾಗ ನೀವೇ ಎದುರಿಗಿರಿ.