ಕಾಳಿಂಗನ ಕಾಲು ಎಲ್ಲಿ ಹೋಯ್ತು?

(ದೃಶ್ಯ: ಆಗುಂಬೆ, ಜಿಟಿಜಿಟಿ ಮಳೆ. ಕಾಳಿಂಗ ಸರ್ಪವೊಂದು ರಸ್ತೆ ದಾಟಿ ಚರಂಡಿಗೆ ಇಳಿಯುತ್ತದೆ.)

ನಮಸ್ಕಾರ. ಆಗುಂಬೆ ಕಡೆಯವರಿಗೆ ಕಾಳಿಂಗ ಹೊಸತೇನಲ್ಲ, ಬಚ್ಚಲೊಲೆ ಪಕ್ಕದ ಕಟ್ಟಿಗೆ ರಾಶಿಯಲ್ಲೂ ಸಿಗ್ತದೆ. ಇದರ ಪೂರ್ವಜರಿಗೆ ಕಾಲಿತ್ತು. ಕಾಲು ಬೆಳೆಸೋ ಜೀನ್ ಈಗಲೂ ಇದೆ, ಹೆಸರು ಸೋನಿಕ್ ಹೆಡ್ಜ್‌ಹಾಗ್. ಹೌದು, ವಿಡಿಯೋ ಗೇಮ್‌ದೇ ಹೆಸರು! ಕೆಟ್ಟಿದ್ದು ಅದರ ಸ್ವಿಚ್ಚು.

(ದೃಶ್ಯ: ಅಡಿಕೆ ತೋಟ. ಕೆಳಗೆ ಹಳ್ಳ, ಮೋಟರ್. ಮೇಲೆ ಮನೆ ಜಗಲಿ, ಗೋಡೆಯಲ್ಲಿ ಸ್ಟಾರ್ಟರ್ ಡಬ್ಬಿ.)

ನಮ್ಮ ತೋಟದ ಮೋಟರ್ ಹಳ್ಳದಲ್ಲಿ, ಸ್ಟಾರ್ಟರ್ ಜಗಲಿಯಲ್ಲಿ. ಜೀನ್‌ಗಳದ್ದೂ ಹಾಗೇ. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರ, ಪ್ರೋಟೀನ್ ತಯಾರಿಗೆ ಅಂತ ಇರೋದು ಶೇ. 2ಕ್ಕೂ ಕಮ್ಮಿ. ಉಳಿದದ್ದನ್ನ ಒಂದು ಕಾಲದಲ್ಲಿ ಜಂಕ್ ಅಂತಿದ್ರು. ಸ್ಟಾರ್ಟರ್‌ಗಳು ಹೆಚ್ಚಿನವು ಅಲ್ಲೇ ಕೂತಿವೆ. ಎನ್‌ಹ್ಯಾನ್ಸರ್ ಅಂತಾರೆ. ಸೋನಿಕ್‌ನ ಕಾಲಿನ ಸ್ಟಾರ್ಟರ್ ಜೀನ್‌ನಿಂದ ಸುಮಾರು 10 ಲಕ್ಷ ಅಕ್ಷರ ದೂರ! ವೈರ್ ಇಲ್ಲ, ಡಿಎನ್‌ಎ ಎಳೆಯೇ ಬಾಗಿ ಎರಡನ್ನೂ ಹತ್ತಿರ ತರುತ್ತೆ.

2016ರಲ್ಲಿ ಅಮೆರಿಕದಲ್ಲಿ ಇಲಿಯ ಈ ಸ್ವಿಚ್ ತೆಗೆದು ಹೆಬ್ಬಾವಿನದ್ದು ಕೂರಿಸಿದ್ರು. ಮರಿಗೆ ಕಾಲಿನ ಜಾಗದಲ್ಲಿ ಮೋಟು. ಹಾವಿನ ಸ್ವಿಚ್ಚಲ್ಲಿ ಬಿಟ್ಟುಹೋಗಿದ್ದ 17 ಅಕ್ಷರ ತುಂಬಿದ್ರು ನೋಡಿ, ಕಾಲು ಬಂತು!

ಇದೇ ಸ್ವಿಚ್ಚಿನ ಒಂದಕ್ಷರ ಬದಲಾಗಿ ಕೆಲವು ಕುಟುಂಬಗಳಲ್ಲಿ ಹೆಬ್ಬೆರಳ ಪಕ್ಕ ಇನ್ನೊಂದು ಬೆರಳು ಬರುತ್ತೆ. ಆರು ಬೆರಳಿದ್ರೆ ಅದೃಷ್ಟ ಅಂತಿದ್ರು ನಮ್ಮಜ್ಜಿ.

(ದೃಶ್ಯ: ಸ್ಟಾರ್ಟರ್ ಡಬ್ಬಿ ಕ್ಲೋಸಪ್. ಒಳಗೆ ಸತ್ತ ಹಲ್ಲಿ, ಟೇಪ್ ಸುತ್ತಿದ ವೈರು.)

ಈಗ ಪಕ್ಕದ ಮನೆಯ ಸದಾ ಆನ್ ಇರೋ ಲೈನು ನಮ್ಮ ಮೋಟರ್‌ಗೆ ತಾಗಿದ್ರೆ? ಜೊಲ್ಲು ಗ್ರಂಥಿಯಲ್ಲಿ ಬರೋ ಅಪರೂಪದ ಕ್ಯಾನ್ಸರ್ ಒಂದಿದೆ: ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ. ಬಾಯಿ ಅಂದ ಕೂಡ್ಲೆ ಮಲೆನಾಡಿನವರಿಗೆ ಎಲೆಅಡಿಕೆ ನೆನಪಾಗತ್ತೆ. ಆ ಕ್ಯಾನ್ಸರ್ ಬೇರೆ, ಇದು ಬೇರೆ. ಇದರ ಎಷ್ಟೋ ಗಡ್ಡೆಗಳಲ್ಲಿ 6 ಮತ್ತು 9ನೇ ಕ್ರೋಮೋಸೋಮ್‌ಗಳು (ಡಿಎನ್‌ಎ ಸುತ್ತಿಟ್ಟ ಕಟ್ಟುಗಳು) ತುಂಡಾಗಿ ಅದಲುಬದಲಾಗಿ ಅಂಟಿಕೊಂಡಿರ್ತವೆ. 9ರಲ್ಲಿದ್ದ ಜೋರು ಎನ್‌ಹ್ಯಾನ್ಸರ್ ಬಂದು 6ರಲ್ಲಿರೋ, ಜೀವಕೋಶಗಳನ್ನ ಹೆಚ್ಚಿಸೋ ಮಿಬ್ ಅನ್ನೋ ಜೀನ್ ಪಕ್ಕ ಕೂರುತ್ತೆ. ಮಿಬ್ ಒಂದೇ ಸಮ ಓಡತೊಡಗುತ್ತೆ. ಅಷ್ಟಕ್ಕೇ ಮುಗಿಯಲ್ಲ. ತಯಾರಾದ ಮಿಬ್ ಪ್ರೋಟೀನು ವಾಪಸ್ ಹೋಗಿ ಅದೇ ಎನ್‌ಹ್ಯಾನ್ಸರ್‌ಗೆ ಅಂಟುತ್ತೆ. ಮೋಟರೇ ಹಳ್ಳದಿಂದ ಎದ್ದು ಬಂದು ಸ್ಟಾರ್ಟರ್‌ನ ಹಸಿರು ಬಟನ್ ಒತ್ತಿ ಹಿಡಿದ ಹಾಗೆ.