ಇದ್ದಿಲ ಚಿತ್ರ, ಮೊಸರನ್ನ ಮತ್ತು ಪ್ರೀ-ಮೆಡ್

ಈ ವಿಡಿಯೊ ನೋಡುತ್ತಿರುವ ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಐದೂವರೆಗೆ ನ್ಯೂಜೆರ್ಸಿಯ ಮನೆ ಬಿಟ್ಟಿದ್ದೇವೆ, ಅದಕ್ಕೇ ಯಾರ ಮುಖದಲ್ಲೂ ಕಳೆಯಿಲ್ಲ. ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಬಿದ್ದಿರುವ ಮೂಟೆ ನನ್ನ ಮಗಳು. ಅವಳಿಗೆ ಚಿತ್ರಕಲೆಯೂ ಬೇಕು, ಮುಂದೆ ಡಾಕ್ಟರಿಕೆಯೂ ಬೇಕು. ಎರಡಕ್ಕೂ ಒಗ್ಗುವ ಕಾಲೇಜು ಹುಡುಕುತ್ತ ರೋಡ್ ಐಲೆಂಡಿನ ಪ್ರಾವಿಡೆನ್ಸ್‌ಗೆ ಹೊರಟಿದ್ದೇವೆ.

ಇದು ಕನೆಕ್ಟಿಕಟ್. ಇದೂ ಕನೆಕ್ಟಿಕಟ್. ಇನ್ನೊಂದು ಗಂಟೆ ಇದೇ ಮರ, ಇದೇ ಲಾರಿ, ಆದ್ದರಿಂದ ನನ್ನ ದಡ್ಡತನವೊಂದನ್ನು ಹೇಳಿ ಮುಗಿಸುತ್ತೇನೆ. ಪ್ರೀ-ಮೆಡ್ ಎಂದರೆ ನಮ್ಮ ಪಿಸಿಎಂಬಿಯ ಹಾಗೆ ಒಂದು ಕೋರ್ಸು ಎಂದು ನಾನು ವರ್ಷವಿಡೀ ನೆಂಟರಿಗೆಲ್ಲ ಹೇಳಿಕೊಂಡಿದ್ದೆ. ಅಲ್ಲವೇ ಅಲ್ಲ, ಅದು ಮೆಡಿಕಲ್ ಕಾಲೇಜು ಸೇರುವ ಮೊದಲಿನ ತಯಾರಿ. ಊರಿನಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದರೆ ನೇರವಾಗಿ ಎಂಬಿಬಿಎಸ್. ಇಲ್ಲಿ ಮೊದಲು ಒಂದು ಪದವಿ, ಅದು ಯಾವ ವಿಷಯದಲ್ಲಾದರೂ ಆಗಬಹುದು, ಶಿಲ್ಪಕಲೆಯಾದರೂ ಸರಿ. ಜೊತೆಗೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಅವುಗಳ ಲ್ಯಾಬ್, ಎಲ್ಲರೂ ಹೆದರುವ ಆರ್ಗ್ಯಾನಿಕ್ ಕೆಮಿಸ್ಟ್ರಿ. ಅದಾದ ಮೇಲೆ ಮೆಡಿಕಲ್ ಕಾಲೇಜಿನ ಪ್ರವೇಶಕ್ಕೆ ಎಂಕ್ಯಾಟ್ ಎಂಬ ಪರೀಕ್ಷೆ. ಅದರ ಅಂಕ 472ರಿಂದ ಶುರುವಾಗಿ 528ಕ್ಕೆ ಮುಗಿಯುತ್ತದೆ. ಏನೂ ಬಾರದವನಿಗೂ 472 ಕೊಡುತ್ತಾರೆ ಎಂದು ನಮ್ಮ ಯಜಮಾನರಿಗೆ ಬಹಳ ಖುಷಿ.

ಇಲ್ಲಿ ಕಾರು ನಿಲ್ಲಿಸಿದ್ದು ಕಾಫಿಗಲ್ಲ. ನನ್ನ ಮುಖ ನೋಡಿದರೆ ಗೊತ್ತಾಗುತ್ತದೆ.

ಮಗಳು ತನ್ನ ಚಿತ್ರಗಳನ್ನು ದೊಡ್ಡ ಕಪ್ಪು ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಅರ್ಜಿಗೆ ಫೋಟೊ ಕಳಿಸಿದರೆ ಸಾಕು, ಇವನ್ನು ಹೊರುವ ಅಗತ್ಯವೇ ಇರಲಿಲ್ಲ. ಯಾರಾದರೂ ನೋಡಲಿ ಎಂಬ ಆಸೆ. ಆ ಚೀಲದ ಪಕ್ಕದ ಜೇಬು ಖಾಲಿ ಇತ್ತು, ನಾನು ಅಲ್ಲಿ ಮೊಸರನ್ನದ ಡಬ್ಬಿ ಇಟ್ಟೆ. ಆ ಡಬ್ಬಿಯ ಮುಚ್ಚಳದ ಒಂದು ಕೊಂಡಿ ಮುರಿದು ಎರಡು ತಿಂಗಳಾಗಿದೆ, ಅದೂ ನನಗೆ ಗೊತ್ತಿತ್ತು. ಜೇಬು ಮತ್ತು ಚಿತ್ರಗಳ ನಡುವೆ ಇದ್ದದ್ದು ತೆಳುವಾದ ಒಂದು ಬಟ್ಟೆ ಮಾತ್ರ. ಮೊಸರನ್ನ ಚೆಲ್ಲಿ ಚಿತ್ರಕ್ಕೆ ಇಳಿದಿತ್ತು.

ಮೇಲಿದ್ದ ಚಿತ್ರ ನಮ್ಮ ಅಮ್ಮನ ಕೈ. ಡಿಸೆಂಬರ್ ರಜೆಗೆ ಮೈಸೂರಿಗೆ ಹೋಗಿದ್ದಾಗ, ಅಜ್ಜಿ ಅವರೆಕಾಳು ಹಿತುಕುತ್ತಿದ್ದುದನ್ನು ನೋಡುತ್ತ ಇವಳು ಇದ್ದಿಲಿನಲ್ಲಿ ಬರೆದದ್ದು. ಊದಿದ ಗೆಣ್ಣುಗಳು, ಹೆಬ್ಬೆರಳಿನ ಉಗುರಿನಲ್ಲಿ ಸಿಪ್ಪೆಯ ಕರೆ. ಈಗ ಮಣಿಕಟ್ಟಿನಿಂದ ಕಿರುಬೆರಳಿನವರೆಗೆ ಬೂದು ಬಣ್ಣದ ಕೊಳೆ, ನಡುವೆ ಮೂರು ಸಾಸಿವೆ, ಒಂದು ಕರಿಬೇವಿನ ಎಲೆ. ಇದ್ದಿಲ ಪುಡಿ ಉದುರದಂತೆ ಮೇಲೆ ಸ್ಪ್ರೇ ಹೊಡೆಯಬೇಕಂತೆ, ಅದನ್ನು ಇವಳು ಹೊಡೆದಿರಲಿಲ್ಲ. ಹಾಗಾದರೆ ತಪ್ಪು ಅರ್ಧರ್ಧ ಎಂದೆ. "ಅಮ್ಮ, ನೀನು ದಯವಿಟ್ಟು ಕ್ಯಾಮೆರಾ ಆಫ್ ಮಾಡು" ಎಂದಳು. ಮಾಡಿದೆ. ಕಾಗದದ ಕರವಸ್ತ್ರದಿಂದ ಒತ್ತಿದರೆ ಹೋದೀತು ಎಂದು ನಾನು ಒತ್ತಿದ್ದು ಚಿತ್ರೀಕರಣವಾಗಿಲ್ಲ, ಪುಣ್ಯ. ಹೋಗಲಿಲ್ಲ, ಹರಡಿತು.

ಹತ್ತುತ್ತಿರುವುದು ಕಾಲೇಜ್ ಹಿಲ್. ಏರು ನೋಡಿ! ಬ್ರೌನ್ ವಿಶ್ವವಿದ್ಯಾಲಯ ಮತ್ತು ರಿಸ್ಡಿ, ಅಂದರೆ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್ ಎಂಬ ಕಲಾ ಕಾಲೇಜು, ಇದೇ ಗುಡ್ಡದಲ್ಲಿ ಅಕ್ಕಪಕ್ಕದ ಮನೆಯವರು. 2008ರಿಂದ ಇಬ್ಬರೂ ಸೇರಿ ಐದು ವರ್ಷದ ಜೋಡಿ ಪದವಿ ನಡೆಸುತ್ತಿದ್ದಾರೆ. ಅಲ್ಲೊಂದು ಡಿಗ್ರಿ, ಇಲ್ಲೊಂದು ಡಿಗ್ರಿ. ಎರಡೂ ಕಡೆ ಬೇರೆ ಬೇರೆಯಾಗಿ ಸೀಟು ಸಿಗಬೇಕು, ಆಮೇಲೂ ಜೋಡಿ ಪದವಿಗೆ ಇನ್ನೊಮ್ಮೆ ಆರಿಸುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಾಯಿತು. ಇದೇ ಸರಿ, ಬೇರೆ ಕಾಲೇಜು ನೋಡುವುದೇ ಬೇಡ ಎಂದುಬಿಟ್ಟೆ.

ಈ ಕಟ್ಟಡದಲ್ಲಿ ರಿಸ್ಡಿಯ ನೇಚರ್ ಲ್ಯಾಬ್ ಇದೆ, 1937ರಲ್ಲಿ ಶುರುವಾದದ್ದು. ಚಿಪ್ಪು, ಅಸ್ಥಿಪಂಜರ, ಚಿಟ್ಟೆ, ಹಕ್ಕಿ ಎಂದು ಸುಮಾರು 80,000 ಮಾದರಿಗಳು, ವಿದ್ಯಾರ್ಥಿಗಳು ಕೂತು ನೋಡಿ ಬರೆಯಲೆಂದೇ. ಹೊರಗಿನ ಬಾಗಿಲು ಮಾತ್ರ ಕಾಣುತ್ತಿರುವುದು ಬ್ಯಾಟರಿ ಮುಗಿದದ್ದರಿಂದ.

ನಮ್ಮ ಕಾಲದಲ್ಲಿ ಮಾದರಿ ಎಂದರೆ ಒಂದೇ ದಾಸವಾಳ. ಅದನ್ನು ಉದ್ದಕ್ಕೆ ಸೀಳಿ ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ನಾನು ಎಸಳಿಗೆ ಚೆನ್ನಾಗಿ ನೆರಳು ಕೊಟ್ಟೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಟು ಎಳೆದರು, ವಿಜ್ಞಾನದ ಚಿತ್ರದಲ್ಲಿ ಶೇಡಿಂಗ್ ಕೂಡದು ಎಂದು. ಆದರೆ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಮ್ಯಾಕ್ಸ್ ಬ್ರೋಡೆಲ್ ಎಂಬ ಜರ್ಮನ್ ಕಲಾವಿದ ಇದ್ದರಲ್ಲ, ಅವರು ಕುಂಚಕ್ಕೆ ಇದ್ದಿಲ ಪುಡಿ ಹಚ್ಚಿ, ಹಸಿ ಅಂಗಾಂಶದ ಹೊಳಪನ್ನೂ ನೆರಳಿನಲ್ಲೇ ತೋರಿಸಿದವರು. 1911ರಲ್ಲಿ ವೈದ್ಯಕೀಯ ಚಿತ್ರಕಲೆಗೆಂದೇ ಅಲ್ಲಿ ಒಂದು ವಿಭಾಗ ಕಟ್ಟಿದರು. ಈಗಲೂ ಅಲ್ಲಿನ ಸ್ನಾತಕೋತ್ತರ ಪದವಿಗೆ ಕಲೆಯೂ ಬೇಕು, ವಿಜ್ಞಾನವೂ ಬೇಕು. ನಮ್ಮ ಮೇಷ್ಟ್ರಿಗೆ ಇದನ್ನು ಯಾರು ಹೇಳುತ್ತಾರೆ? ಇರಲಿ, ದೃಶ್ಯ ಬದಲಾಯಿತು.

ಇದು ಮಧ್ಯಾಹ್ನ, ಬೆಂಚಿನ ಮೇಲೆ. ಅಪ್ಪ ಮಗಳು ವೇಳಾಪಟ್ಟಿ ಹಾಕುತ್ತಿದ್ದಾರೆ. ಸ್ಟುಡಿಯೋ ತರಗತಿ ಒಂದು ಗಂಟೆಯದಲ್ಲ, ಇಡೀ ದಿನ ನುಂಗುತ್ತದೆ. ಕೆಮಿಸ್ಟ್ರಿ ಲ್ಯಾಬ್ ಎಂದರೆ ಇನ್ನೊಂದು ಮಧ್ಯಾಹ್ನ ಹೋಯಿತು. ಇವರ ಪಟ್ಟಿಯಲ್ಲಿ ಊಟಕ್ಕೆ ಜಾಗವಿಲ್ಲ. ಕರಪತ್ರದಲ್ಲಿ ಈ ಪಟ್ಟಿಯನ್ನು ಯಾರೂ ಅಚ್ಚು ಹಾಕುವುದಿಲ್ಲ, ನನಗೆ ಸಿಟ್ಟು ಬಂದದ್ದು ಇದಕ್ಕೇ. ಐದು ವರ್ಷ ಇದು, ಮೇಲೆ ನಾಲ್ಕು ವರ್ಷ ಮೆಡಿಕಲ್, ಆಮೇಲೆ ರೆಸಿಡೆನ್ಸಿ ಎಂಬ ಆಸ್ಪತ್ರೆ ತರಬೇತಿ. ಬೆಳಿಗ್ಗೆ ಒಪ್ಪಿದ್ದನ್ನು ವಾಪಸ್ ತೆಗೆದುಕೊಂಡೆ.

ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜೈವಿಕ ಮತ್ತು ಪ್ರೀ-ಮೆಡಿಕಲ್ ಚಿತ್ರಕಲೆ ಎಂದೇ ಒಂದು ಪದವಿ ಇದೆ, ವಿಜ್ಞಾನವೂ ಚಿತ್ರವೂ ಅದರೊಳಗೇ. ಜಾಣತನ ಅಂದರೆ ಅದು. ಆದರೆ ಅಯೋವಾದ ಚಳಿ ನೆನೆದರೆ ನನಗೆ ಈಗಲೇ ಮೊಣಕಾಲು ಹಿಡಿಯುತ್ತದೆ. ನಾಳೆ ಟಫ್ಟ್ಸ್ ವಿಶ್ವವಿದ್ಯಾಲಯ ನೋಡುತ್ತೇವೆ. ಬಾಸ್ಟನ್ನಿನ ಮ್ಯೂಸಿಯಂ ಶಾಲೆ ಎಂಬ ಕಲಾ ಕಾಲೇಜು 2016ರಲ್ಲಿ ಅದಕ್ಕೆ ಸೇರಿಕೊಂಡಿತು, ಅಲ್ಲೂ ಐದು ವರ್ಷದ ಜೋಡಿ ಪದವಿ. ಆದರೆ ಲ್ಯಾಬ್ ಮೆಡ್‌ಫರ್ಡ್‌ನಲ್ಲಿ, ಸ್ಟುಡಿಯೋ ಬಾಸ್ಟನ್ನಿನಲ್ಲಿ, ನಡುವೆ ಬಸ್ಸು. ಬಸ್ಸಿನಲ್ಲಿ ಊಟ ಮಾಡಬಹುದು ಎಂದು ಮಗಳು.

"ಮೊಸರನ್ನ ಬೇಡ" ಎಂದೂ ಸೇರಿಸಿದಳು. ಅಂದರೆ ಮಾತು ಬಿಟ್ಟಿಲ್ಲ.

ಇವರು ಕೆಳಗಿನಿಂದ ಹಾರ್ನ್ ಹೊಡೆಯುತ್ತಿದ್ದಾರೆ. ಪಾರ್ಕಿಂಗ್ ಮೀಟರಿನಲ್ಲಿ ನಾಲ್ಕು ನಿಮಿಷ ಉಳಿದಿದೆ, ಈ ಇಳಿಜಾರಿನಲ್ಲಿ ನಾನು ಓಡುವುದನ್ನು ನೀವು ನೋಡಬೇಕಾಗಿಲ್ಲ, ಆಫ್ ಮಾಡುತ್ತೇನೆ.