ಗಾಡಿಗೆ ಹ್ಯಾಮ್ ರೇಡಿಯೋ: ವ್ಯಾಟ್ ಆಮೇಲೆ, ಮೊದಲು ಆಂಟೆನಾ

(ದೃಶ್ಯ: ಸಂಡೂರಿನ ಬೆಟ್ಟಸಾಲು, ಕೆಂಪು ಧೂಳಿನ ದಾರಿ, ಒಂದರ ಹಿಂದೆ ಒಂದು ಜೀಪು)

ಎಲ್ಲರಿಗೂ ನಮಸ್ಕಾರ. ಸಂಡೂರು ಕಡೆ ನಾಲ್ಕೈದು ಗಾಡಿ ಸೇರಿ ಹೊರಟಿದ್ದೀರಿ ಅಂತ ಇಟ್ಟುಕೊಳ್ಳಿ. ಒಂದು ತಿರುವು ದಾಟಿದ ಕೂಡಲೇ ಮೊಬೈಲ್ ಸಿಗ್ನಲ್ ಹೋಯಿತು. ಕೊನೆಯ ಗಾಡಿ ಪಂಕ್ಚರ್ ಆಗಿ ನಿಂತಿದೆ, ಮುಂದಿನವರು ಅದು ಗೊತ್ತಿಲ್ಲದೆ ಎರಡು ಗುಡ್ಡ ದಾಟಿ ಹೋಗಿದ್ದಾರೆ. ಇಂಥ ಹೊತ್ತಿಗೆ ಕೆಲಸಕ್ಕೆ ಬರೋದು ಹ್ಯಾಮ್ ರೇಡಿಯೋ, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿಗಳ ರೇಡಿಯೋ. ಅದಕ್ಕೆ ಟವರ್ ಬೇಡ, ರೀಚಾರ್ಜ್ ಬೇಡ, ಒಂದು ಗಾಡಿಯಿಂದ ಇನ್ನೊಂದು ಗಾಡಿಗೆ ನೇರವಾಗಿ ಮಾತು. ಅದನ್ನು ಗಾಡಿಗೆ ಹೇಗೆ ಕೂರಿಸಬೇಕು, ದುಡ್ಡು ಯಾವುದಕ್ಕೆ ಹಾಕಬೇಕು ಅನ್ನೋದನ್ನು ಇವತ್ತು ನೋಡೋಣ.

ಮೊದಲು ಲೈಸೆನ್ಸ್. ಹ್ಯಾಮ್ ರೇಡಿಯೋದಲ್ಲಿ ಮಾತಾಡೋಕೆ ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಬೇಕು. 12 ವರ್ಷ ತುಂಬಿದ ಯಾರಾದರೂ ಬರೆಯಬಹುದು. ರೆಸ್ಟ್ರಿಕ್ಟೆಡ್, ಜನರಲ್ ಅಂತ ಎರಡು ದರ್ಜೆ. ರೆಸ್ಟ್ರಿಕ್ಟೆಡ್‌ಗೆ ಮೋರ್ಸ್ ಕೋಡ್ (ಚುಕ್ಕಿ-ಗೆರೆಯ ಸಂಕೇತ) ಬೇಕಿಲ್ಲ, ಗಾಡಿಯಿಂದ ಗಾಡಿಗೆ ಮಾತಾಡೋಕೆ ಅದೇ ಸಾಕು. ಪಾಸಾದ ಮೇಲೆ ವಿಯು3 ಅಂತ ಶುರುವಾಗುವ, ರೇಡಿಯೋದಲ್ಲಿ ನಿಮ್ಮ ಗುರುತಿನ ಹೆಸರಾದ ಕಾಲ್‌ಸೈನ್ ಸಿಗುತ್ತದೆ, ಜನರಲ್ ಆದರೆ ವಿಯು2. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುತ್ತೆ ಅಂತ ಲೈಸೆನ್ಸ್ ಇಲ್ಲದೆ ಸೆಟ್ ತಂದು ಮಾತಾಡುವ ಗುಂಡಿ ಒತ್ತಬೇಡಿ, ಅದು ಅಪರಾಧ. ಗುಂಪಿನಲ್ಲಿ ಕೆಲವರಿಗೆ ಪರೀಕ್ಷೆ ಬರೆಯುವ ಮನಸ್ಸಿಲ್ಲ ಅಂದರೆ ಅವರಿಗೆ 27 ಮೆಗಾಹರ್ಟ್ಸ್ ಆಸುಪಾಸಿನ ಸಿಟಿಜನ್ ಬ್ಯಾಂಡ್ ಇದೆ. ಅದರಲ್ಲಿ 5 ವ್ಯಾಟ್ ತನಕ 2005ರಿಂದ ಲೈಸೆನ್ಸ್ ವಿನಾಯಿತಿ ಇದೆ.

(ದೃಶ್ಯ: ಕಾಗದದ ಮೇಲೆ ಎರಡು ಗಾಡಿ, ನಡುವೆ ಒಂದು ಗುಡ್ಡದ ಚಿತ್ರ)

ನಾವು ಜಾಸ್ತಿ ಬಳಸೋದು ಎರಡು ಮೀಟರ್ ಬ್ಯಾಂಡ್, ಅಂದರೆ ಅಲೆಯ ಉದ್ದ ಸುಮಾರು ಎರಡು ಮೀಟರ್ ಇರುವ ಫ್ರೀಕ್ವೆನ್ಸಿಗಳು. ನಮ್ಮ ದೇಶದಲ್ಲಿ ಅದು 144ರಿಂದ 146 ಮೆಗಾಹರ್ಟ್ಸ್. ಈ ಅಲೆ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರ ಹೋಗುತ್ತದೆ, ಅದಕ್ಕಿಂತ ಸ್ವಲ್ಪ ಆಚೆಗೂ ಹೋಗುತ್ತದೆ. ಲೆಕ್ಕ ಸುಲಭ. ಆಂಟೆನಾ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲ ತೆಗೆದು 4.12ರಿಂದ ಗುಣಿಸಿ, ಅಷ್ಟು ಕಿಲೋಮೀಟರ್. ಗಾಡಿಯ ಟಾಪ್ ಎರಡು ಮೀಟರ್ ಎತ್ತರ ಅಂದುಕೊಂಡರೆ ಸುಮಾರು 6 ಕಿಲೋಮೀಟರ್ ಆಯಿತು. ಎದುರಿನ ಗಾಡಿಯದೂ ಅಷ್ಟೇ. ಎರಡೂ ಸೇರಿ ಹನ್ನೊಂದು ಹನ್ನೆರಡು ಕಿಲೋಮೀಟರ್. ಸಿಂಧನೂರು, ಮಾನ್ವಿ ಕಡೆ ಗದ್ದೆ ಬಯಲಿನಲ್ಲಿ ಈ ಲೆಕ್ಕ ಹತ್ತಿರ ಹತ್ತಿರ ನಿಲ್ಲುತ್ತದೆ. ಆದರೆ ಗಂಗಾವತಿ ದಾಟಿ ಆನೆಗೊಂದಿಯ ಬಂಡೆಗಳ ನಡುವೆ ಹೋದಿರಿ ಅನ್ನಿ, ಒಂದು ಕಿಲೋಮೀಟರಿಗೇ ಮಾತು ಕತ್ತರಿಸಬಹುದು, ಯಾಕೆಂದರೆ ಮಧ್ಯೆ ಕಲ್ಲು ಗುಡ್ಡ ನಿಂತಿದೆ. ಅದೇ ಬಯಲಿನಿಂದ ಮುನ್ನೂರು ಮೀಟರ್ ಎತ್ತರದ ಬೆಟ್ಟದ ತುದಿಗೆ ಹತ್ತಿದರೆ ಅಲ್ಲಿಂದ 70 ಕಿಲೋಮೀಟರ್ ತನಕ ಮಾತು ತಲುಪುತ್ತದೆ, ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟಿನಲ್ಲೇ.

ಈಗ ವ್ಯಾಟ್ ವಿಷಯ. 5 ವ್ಯಾಟಿನಿಂದ 50 ವ್ಯಾಟಿಗೆ ಹೋದರೆ ಹತ್ತು ಪಟ್ಟು ಶಕ್ತಿ, ಖರ್ಚೂ ಜಾಸ್ತಿ. ಕೇಳುವವನ ಸಿಗ್ನಲ್ ಮೀಟರಿನಲ್ಲಿ ಮಾತ್ರ ಅದು ಎರಡು ಯೂನಿಟ್ ಕೂಡ ಏರುವುದಿಲ್ಲ. ಕಬ್ಬಿಣದ ಕ್ಯಾಬಿನ್ ಒಳಗೆ ಕೂತು ಕೈಸೆಟ್ಟಿನಲ್ಲಿ ಮಾತಾಡುವಾಗ ಶಕ್ತಿ ಎಷ್ಟೋ ಪಾಲು ಒಳಗೇ ಸಾಯುತ್ತದೆ. ಅದೇ ಕೈಸೆಟ್ಟಿಗೆ ಅಡಾಪ್ಟರ್ ಕೇಬಲ್ ಹಾಕಿ ಟಾಪ್ ಮೇಲಿನ ಆಂಟೆನಾಕ್ಕೆ ಕೊಟ್ಟು ನೋಡಿ, ಬೇರೆ ಸೆಟ್ಟೇ ಅನಿಸುತ್ತದೆ. ಹಾಗಾಗಿ ನನ್ನ ಮಾತು ಇಷ್ಟೇ: ದುಡ್ಡು ಕಡಿಮೆ ಇದ್ದರೆ ಇರುವ ಕೈಸೆಟ್ಟನ್ನೇ ಇಟ್ಟುಕೊಂಡು ಮೊದಲು ಒಳ್ಳೆಯ ಆಂಟೆನಾ ತಗೊಳ್ಳಿ.

(ದೃಶ್ಯ: ಟಾಪ್ ಮೇಲೆ ಆಂಟೆನಾ, ಕೇಬಲ್ ಒಳಗೆ ಇಳಿಯುವ ಜಾಗ)

ಎಲ್ಲಿ ಕೂರಿಸಬೇಕು? ಕಬ್ಬಿಣದ ಟಾಪ್ ಇದ್ದರೆ ನಟ್ಟನಡುವೆ. ಕಾಲು ಅಲೆಯ ಕಡ್ಡಿ ಆಂಟೆನಾ ಈ ಬ್ಯಾಂಡಿಗೆ ಅರ್ಧ ಮೀಟರಿಗೆ ಒಂಚೂರು ಕಡಿಮೆ, ಸುಮಾರು 49 ಸೆಂಟಿಮೀಟರ್. ಅದರ ಉಳಿದರ್ಧ ಕೆಲಸವನ್ನು ಕೆಳಗಿನ ತಗಡು ಮಾಡುತ್ತದೆ. ಜಿಪ್ಸಿ, ಜೀಪುಗಳಲ್ಲಿ ಕ್ಯಾನ್ವಾಸ್ ಟಾಪೋ ಫೈಬರ್ ಟಾಪೋ ಇದ್ದರೆ ಕೆಳಗೆ ತಗಡೇ ಇಲ್ಲ, ಮ್ಯಾಗ್ನೆಟ್ ಕೂಡ ಹಿಡಿಯಲ್ಲ. ಆಗ ಬಾನೆಟ್ ಅಂಚಿಗೆ ಬ್ರ್ಯಾಕೆಟ್ ಹಾಕಿ, ಪೇಂಟ್ ಕೆರೆದು ಬ್ರ್ಯಾಕೆಟ್ಟಿಗೂ ಬಾಡಿಗೂ ಲೋಹ ಲೋಹ ತಾಗುವ ಹಾಗೆ ಬಿಗಿ ಮಾಡಿ. ಮ್ಯಾಗ್ನೆಟ್ ಆಂಟೆನಾ ಟಾರ್ ರಸ್ತೆಗೆ ಚೆನ್ನಾಗಿದೆ. ಜಾಲಿ ಮುಳ್ಳಿನ ಕೊಂಬೆ ಬಡಿಯುವ ದಾರಿಯಲ್ಲಿ ಅದು ಉಳಿಯುವುದಿಲ್ಲ, ಅಲ್ಲಿ ಬೋಲ್ಟ್ ಹಾಕಿದ್ದೇ ಸರಿ, ಬುಡದಲ್ಲಿ ಸ್ಪ್ರಿಂಗ್ ಇದ್ದರೆ ಇನ್ನೂ ಒಳ್ಳೆಯದು.

ಕೂರಿಸಿದ ಮೇಲೆ ಎಸ್‌ಡಬ್ಲ್ಯೂಆರ್ ಮೀಟರ್ (ಆಂಟೆನಾಕ್ಕೆ ಕಳಿಸಿದ ಶಕ್ತಿ ಎಷ್ಟು ವಾಪಸ್ ಬರುತ್ತಿದೆ ಅಂತ ತೋರಿಸುವ ಮೀಟರ್, ಅಂಕಿ 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು) ಹಾಕಿ ನೋಡದೆ ಜೋರು ಪವರಿನಲ್ಲಿ ಗುಂಡಿ ಒತ್ತಬೇಡಿ. ಕಡಿಮೆ ಪವರಿನಲ್ಲಿ 144, 145, 146, ಮೂರು ಕಡೆ ಅಳೆಯಿರಿ. 144ರಲ್ಲಿ ಕಡಿಮೆ ಬಂದು 146ರ ಕಡೆಗೆ ಏರುತ್ತಾ ಹೋದರೆ ಕಡ್ಡಿ ಉದ್ದವಾಗಿದೆ ಅಂತ ಅರ್ಥ. ಉಲ್ಟಾ ಬಂದರೆ ಗಿಡ್ಡ. ಕತ್ತರಿಸುವಾಗ ಆತುರ ಬೇಡ. ಒಂದು ಮಿಲಿಮೀಟರ್ ತೆಗೆದರೆ ಸುಮಾರು 0.3 ಮೆಗಾಹರ್ಟ್ಸ್ ಸರಿಯುತ್ತದೆ. ಅಂದರೆ ಮೂರು ಮಿಲಿಮೀಟರ್ ಕತ್ತರಿಸಿದರೆ ಅರ್ಧ ಬ್ಯಾಂಡೇ ಜರುಗಿತು! ಕತ್ತರಿಸಿ, ಮತ್ತೆ ಅಳೆದು, ಮತ್ತೆ ಕತ್ತರಿಸಿ. ನಡುವಲ್ಲಿ 1.5ರ ಒಳಗೆ ಬಂದರೆ ಬಿಟ್ಟುಬಿಡಿ. 3 ದಾಟಿದರೆ ಸೆಟ್ಟಿನಲ್ಲಿ ಪವರ್ ಹೊರಗೆ ಕಳಿಸುವ ಫೈನಲ್ ಟ್ರಾನ್ಸಿಸ್ಟರಿಗೇ ಅಪಾಯ. ಅಳೆಯುವಾಗ ಬಾಗಿಲು, ಬಾನೆಟ್ ಮುಚ್ಚಿರಲಿ, ಆಂಟೆನಾ ಪಕ್ಕ ಯಾರೂ ನಿಂತಿರಬಾರದು.

ಇನ್ನು ಕರೆಂಟ್. 50 ವ್ಯಾಟಿನ ಸೆಟ್ ಮಾತಾಡುವಾಗ ಹತ್ತು ಆಂಪಿಯರ್ ಎಳೆಯುತ್ತದೆ. ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಕೊಡಬೇಡಿ, ಸೀದಾ ಬ್ಯಾಟರಿಯಿಂದ ತನ್ನಿ. ವೈರ್ ದಪ್ಪ ಯಾಕೆ ಬೇಕು ಅಂದರೆ, ಬ್ಯಾಟರಿಯಿಂದ ಸೀಟಿನ ತನಕ ನಾಲ್ಕು ಮೀಟರ್, ಹೋಗಿ ಬರೋಕೆ ಎಂಟು ಮೀಟರ್. 1 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿದರೆ ದಾರಿಯಲ್ಲೇ ಸುಮಾರು 1.4 ವೋಲ್ಟ್ ಬಿದ್ದುಹೋಗುತ್ತದೆ. ಗುಂಡಿ ಒತ್ತಿದ ಕೂಡಲೇ ಸೆಟ್ ಆಫ್ ಆಗುವ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. 4 ಚದರ ಮಿಲಿಮೀಟರ್ ಹಾಕಿದರೆ ಬೀಳೋದು 0.35 ಅಷ್ಟೇ. ಪ್ಲಸ್ ವೈರಿಗೆ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ, ಸೆಟ್ಟಿನ ಹತ್ತಿರ ಅಲ್ಲ. ಕಲ್ಲು ದಾರಿಯಲ್ಲಿ ಕುಲುಕಿ ಕುಲುಕಿ ವೈರಿನ ಇನ್ಸುಲೇಷನ್ ಸವೆದು ಬಾಡಿಗೆ ತಾಗಿತು ಅಂದರೆ, ಫ್ಯೂಸ್ ಆ ತುದಿಯಲ್ಲಿದ್ದರೆ ಮಾತ್ರ ಬೆಂಕಿ ತಪ್ಪುತ್ತದೆ. ಇಂಜಿನ್ ಕಡೆಯಿಂದ ಕ್ಯಾಬಿನ್ನಿಗೆ ಬರುವ ತೂತಿಗೆ ರಬ್ಬರ್ ಗ್ರೊಮೆಟ್ (ವೈರ್ ಸವೆಯದಂತೆ ತೂತಿನ ಅಂಚಿಗೆ ಹಾಕುವ ಬಳೆ) ಬೇಕೇ ಬೇಕು. ಹೊಸ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ಸಿನ ಮೇಲೆ ಸೆನ್ಸರ್ ಇದ್ದರೆ ಮೈನಸ್ ವೈರನ್ನು ಬಾಡಿ ಅರ್ತಿಗೆ ಕೊಡಿ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ದಾರಿಯಲ್ಲಿ ಸೆಟ್ಟೂ ಬೇಡ, ಕೇಬಲ್ಲೂ ಬೇಡ.

(ದೃಶ್ಯ: ಕನೆಕ್ಟರ್ ಬಿಚ್ಚಿ ಹತ್ತಿರದಿಂದ)

ಇದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಗಣಿ ದಾರಿಯ ಧೂಳು. ಅದಿರಿನ ಪುಡಿ ಹಿಟ್ಟಿನಷ್ಟು ನುಣ್ಣಗಿರುತ್ತದೆ, ಕನೆಕ್ಟರಿನ ಒಳಗಿನ ತಿರುಪಿನ ಗೆರೆಗಳಲ್ಲಿ ಕೆಂಪಗೆ ಕೂರುತ್ತದೆ. ಮಳೆ ನೀರು ಸೇರಿದರೆ ಕೆಸರಾಗಿ, ಆಮೇಲೆ ಒಳಗೇ ತುಕ್ಕು. ಮೊದಲು ಸೆಲ್ಫ್ ಅಮಾಲ್ಗಮೇಟಿಂಗ್ ಟೇಪ್ (ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್) ಎಳೆದು ಎಳೆದು ಸುತ್ತಿ, ಮೇಲೆ ಮಾಮೂಲಿ ಇನ್ಸುಲೇಷನ್ ಟೇಪ್ ಸುತ್ತಿ. ಕೆಳಗಿನಿಂದ ಮೇಲಕ್ಕೆ ಸುತ್ತಿದರೆ ನೀರು ಜಾರಿ ಹೋಗುತ್ತದೆ. ಇನ್ನೊಂದು ವಿಷಯ ಬಿಸಿಲು. ರಾಯಚೂರಿನ ಏಪ್ರಿಲ್, ಮೇ ಬಿಸಿಲಿನಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಮುಚ್ಚಿದ ಗಾಡಿಯ ಡ್ಯಾಶ್‌ಬೋರ್ಡ್ ಮೇಲಂತೂ ಕೇಳಲೇಬೇಡಿ. ಮುಂಭಾಗ ಬಿಚ್ಚಿ ಬೇರೆ ಇಡಬಹುದಾದ ಸೆಟ್ ಆದರೆ ಮೇನ್ ಬಾಕ್ಸನ್ನು ಸೀಟಿನ ಕೆಳಗೆ ಗಾಳಿ ಆಡುವಂತೆ ಕೂರಿಸಿ.

ಇಂಜಿನ್ ರೇಸ್ ಮಾಡಿದಂತೆ ಸ್ಪೀಕರಿನಲ್ಲಿ ಕುಂಯ್ ಅನ್ನುವ ಸದ್ದು ಏರಿ ಇಳಿದರೆ ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನದು. ಅರ್ತ್ ಬಿಗಿ ಮಾಡಿ, ಪವರ್ ವೈರಿಗೆ ಸದ್ದು ತಡೆಯುವ ನಾಯ್ಸ್ ಫಿಲ್ಟರ್ ಹಾಕಿ ನೋಡಿ.

ಮಾತಾಡುವ ರೀತಿ. ಹೊರಡುವ ಮೊದಲೇ ಒಂದು ಫ್ರೀಕ್ವೆನ್ಸಿ, ಅದು ಬ್ಯುಸಿ ಇದ್ದರೆ ಇನ್ನೊಂದು ಅಂತ ಎಲ್ಲರೂ ಬರೆದುಕೊಳ್ಳಿ. ಗುಂಡಿ ಒತ್ತಿ, ಅರೆ ಕ್ಷಣ ಬಿಟ್ಟು ಮಾತು ಶುರು ಮಾಡಿ, ಇಲ್ಲದಿದ್ದರೆ ಮೊದಲ ಅಕ್ಷರವೇ ಹೋಗಿರುತ್ತದೆ. ಕಾಲ್‌ಸೈನ್ ಹೇಳಬೇಕು, ಲಾಗ್ (ಯಾರ ಜೊತೆ ಯಾವಾಗ ಮಾತಾಡಿದಿರಿ ಅನ್ನುವ ದಾಖಲೆ) ಬರೆಯಬೇಕು, ವ್ಯಾಪಾರದ ಮಾತು ಆಡುವ ಹಾಗಿಲ್ಲ. ಗಾಡಿಯಿಂದ ಮಾತಾಡುವ ಬಗ್ಗೆ ನಿಮ್ಮ ಲೈಸೆನ್ಸಿನ ಷರತ್ತು ಒಮ್ಮೆ ಓದಿಕೊಳ್ಳಿ. ಬಂಡೆಗಳ ನಡುವೆ ಸಿಗ್ನಲ್ ಸತ್ತರೆ ಪವರ್ ಏರಿಸುವ ಮೊದಲು ಗಾಡಿಯನ್ನು ಒಂದೆರಡು ಅಡಿ ಮುಂದೆ ತಗೊಂಡು ನೋಡಿ. ಬಂಡೆಗೆ ಬಡಿದು ಬರುವ ಅಲೆ ಒಂದನ್ನೊಂದು ಅಳಿಸಿಹಾಕುವ ಜಾಗಗಳು ಅಷ್ಟಷ್ಟು ಹತ್ತಿರ ಇರುತ್ತವೆ.

ಮೈಕ್ ಮಾತ್ರ ಪಕ್ಕದಲ್ಲಿ ಕೂತ ಲೈಸೆನ್ಸ್‌ದಾರರ ಕೈಯಲ್ಲಿರಲಿ. ಓಡಿಸುತ್ತಾ ಕೈಯಲ್ಲಿ ಸಂಪರ್ಕ ಸಾಧನ ಹಿಡಿಯುವುದನ್ನು ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆ ಅಂತಲೇ ಎಣಿಸುತ್ತದೆ. ಒಬ್ಬರೇ ಇದ್ದರೆ ಗಾಡಿ ನಿಲ್ಲಿಸಿ ಮಾತಾಡಿ. ದರೋಜಿ ಕರಡಿಧಾಮದಂಥ ಕಾಡಿನ ಜಾಗಕ್ಕೆ ರೇಡಿಯೋ ಇದೆ ಅಂತ ಅನುಮತಿ ಇಲ್ಲದೆ ಗಾಡಿ ನುಗ್ಗಿಸಬೇಡಿ.

ಲಿಂಗಸುಗೂರಿನಿಂದ ಬೆಂಗಳೂರಿಗೆ ಗಾಡಿಯಿಂದಲೇ ಮಾತಾಡಬೇಕು ಅನ್ನುವವರಿಗೆ 7 ಮೆಗಾಹರ್ಟ್ಸಿನ ನಲವತ್ತು ಮೀಟರ್ ಬ್ಯಾಂಡ್ ಇದೆ. ಅಲ್ಲಿ ಕಾಲು ಅಲೆಯೇ ಹತ್ತು ಮೀಟರ್ ಉದ್ದ, ಗಾಡಿ ಮೇಲೆ ನಿಲ್ಲಿಸೋಕೆ ಕಾಯಿಲ್ ಹಾಕಿ ಗಿಡ್ಡ ಮಾಡಬೇಕಾಗುತ್ತದೆ. ಆ ಕಾಯಿಲನ್ನು ಮುಂದಿನ ವಿಡಿಯೋದಲ್ಲಿ ನಾವೇ ಸುತ್ತೋಣ.